ತೇರಿಗೆ ಕತ್ತರಿಸಿದ ಸೋಪು ಶಿವರಾತ್ರಿಗೆ

ಕೊಪ್ಪಳದಲ್ಲಿ ಗವಿಸಿದ್ಧೇಶ್ವರರ ತೇರು ಎಳೆದ ಮರುದಿನ ನಾನು ಸೋಪಿನ ಅಚ್ಚು ಬಿಚ್ಚಿ ಕತ್ತರಿಸುತ್ತೇನೆ. ತೇರು ಪುಷ್ಯ ಬಹುಳ ಬಿದಿಗೆಗೆ, ಶಿವರಾತ್ರಿ ಮಾಘ ಬಹುಳ ಚತುರ್ದಶಿಗೆ. ನಡುವೆ ಹೆಚ್ಚೂಕಡಿಮೆ ಆರು ವಾರ. ಮನೆಯಲ್ಲಿ ಮಾಡಿದ ಸೋಪು ಮಾಗಲಿಕ್ಕೂ ಅಷ್ಟೇ ದಿನ ಬೇಕು. ಆಗ ಗಾಳಿ ಒಣ, ಬಿಸಿಲು ಇನ್ನೂ ಏರಿರುವುದಿಲ್ಲ. ಇದಕ್ಕಿಂತ ಒಳ್ಳೆಯ ಕಾಲ ನಮ್ಮ ಕಡೆ ಇಲ್ಲ.

ಪ್ರತಿ ವರ್ಷ ಮೊಮ್ಮಗಳದು ಒಂದೇ ಪ್ರಶ್ನೆ. "ಅಜ್ಜಿ, ಗಟ್ಟಿ ಆಗೇತಲ್ಲ, ಇನ್ನ ಯಾಕ ಕಾಯ್ಬೇಕು?"

ಗಟ್ಟಿಯಾಗುವುದು ಬೇರೆ, ಮಾಗುವುದು ಬೇರೆ. ಎಣ್ಣೆಯೂ ಕಾಸ್ಟಿಕ್ ಸೋಡಾವೂ ಕೂಡಿ ಸೋಪಾಗುವ ಕೆಲಸ ಒಂದೆರಡು ದಿನದಲ್ಲೇ ಬಹುಪಾಲು ಮುಗಿಯುತ್ತದೆ. ಆದರೆ ಸೋಡಾ ಕರಗಿಸಲು ಹಾಕಿದ ನೀರು ಒಳಗೇ ಇರುತ್ತದಲ್ಲ, ಅದು ನಿಧಾನವಾಗಿ ಹೊರಗೆ ಹೋಗಬೇಕು. ನೀರು ಹೋದ ಹಾಗೆ ಸೋಪು ಬಿಗಿಯಾಗುತ್ತದೆ, ಮೈಗೆ ಮೃದುವಾಗುತ್ತದೆ, ನೊರೆಯೂ ಜಾಸ್ತಿ ಬರುತ್ತದೆ. ನಾನು ಮೊದಲ ಸಲ ಮಾಡಿದಾಗ ತಡೆಯಲಾರದೆ ಹತ್ತನೇ ದಿನಕ್ಕೇ ಬಚ್ಚಲಿಗೆ ಇಟ್ಟೆ. ವಾರದೊಳಗೆ ಅದು ಅಂಟು ಗಂಜಿಯಂತಾಗಿ ಕರಗಿಹೋಯಿತು. ಕೈ ಚರ್ಮ ಬಿಗಿದುಕೊಂಡು ತುರಿಕೆ ಬಂತು. ಗಂಗಾವತಿಯ ತಂಗಿಗೂ ಎರಡು ಕೊಟ್ಟಿದ್ದೆ. ಅವಳ ಕೈಯೂ ಹಾಗೇ ಆಯಿತು ಎಂದು ಕೇಳಿ ಬಹಳ ಬೇಜಾರಾಯಿತು.

ಈಗ ಅಂದಾಜಿನ ಮಾತೇ ಇಲ್ಲ, ತಕ್ಕಡಿ ಇದೆ. ಕತ್ತರಿಸಿದ ದಿನ ಒಂದು ಸೋಪು ತೂಗಿ, ಚೀಟಿಯಲ್ಲಿ ಬರೆದು ಅದರ ಪಕ್ಕದಲ್ಲೇ ಇಡುತ್ತೇನೆ. ಕಳೆದ ಸಲದ ಚೀಟಿ ಇನ್ನೂ ಇದೆ. ಮೊದಲ ದಿನ 120 ಗ್ರಾಂ. ಮೊದಲೆರಡು ವಾರ ಸರಸರನೆ ಇಳಿಯಿತು, ಆಮೇಲೆ ನಿಧಾನ. ಆರನೇ ವಾರಕ್ಕೆ 106. ಎರಡು ವಾರ ತೂಗಿದರೂ ತೂಕ ಅಲುಗದಿದ್ದರೆ ಸೋಪು ಮಾಗಿದೆ ಎಂದೇ ತಿಳಿಯಿರಿ.

ಒಣಗಿಸುವುದಕ್ಕೆ ನಮ್ಮ ಪಡಸಾಲೆಯ ನೂಲಿನ ಹೊರಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಮೇಲೆ ತೆಳುವಾದ ಹಳೆಯ ಹತ್ತಿ ಸೀರೆ ಹಾಸಿ, ಸೋಪುಗಳ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟು ಜೋಡಿಸಿ. ವಾರಕ್ಕೊಮ್ಮೆ ಮಗ್ಗುಲು ಬದಲಿಸಿ. ಹೊರಸು ಇಲ್ಲದಿದ್ದರೆ ಬಿದಿರಿನ ಬುಟ್ಟಿಯೂ ಆದೀತು. ಅಲ್ಯೂಮಿನಿಯಂ ತಟ್ಟೆ ಬೇಡ, ಹಸಿ ಸೋಪಿನ ಕ್ಷಾರ ಅದನ್ನು ತಿನ್ನುತ್ತದೆ. ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಇಡಲೇಬೇಡಿ. ಮೇಲ್ಭಾಗ ಸೊಟ್ಟಗಾಗುತ್ತದೆ, ಎಣ್ಣೆ ಬೇಗ ಕಮಟುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೋಡಾ ಹೆಚ್ಚಾಗಿ ಬಿದ್ದಿದ್ದರೆ ಆರು ವಾರವಲ್ಲ, ಆರು ತಿಂಗಳು ಇಟ್ಟರೂ ನಂಬಬೇಡಿ. ಮಾಗಿಸುವುದು ಅಳತೆಯ ತಪ್ಪಿಗೆ ಔಷಧಿಯಲ್ಲ. ಒಂದೊಂದು ಎಣ್ಣೆ ಒಂದೊಂದು ಅಳತೆ ಬೇಡುತ್ತದೆ. 1 ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 180 ಗ್ರಾಂ ಸೋಡಾ ಬೇಕು, ಔಡಲ ಎಣ್ಣೆಗೆ 128ರ ಹತ್ತಿರ ಸಾಕು. ಇದಕ್ಕಿಂತಲೂ ಸ್ವಲ್ಪ ಕಡಿಮೆಯೇ ಹಾಕಬೇಕು, ಆಗ ಸೋಪಿನಲ್ಲಿ ಚೂರು ಎಣ್ಣೆ ಉಳಿದು ಚರ್ಮ ಕಾಯುತ್ತದೆ. ಕೊಬ್ಬರಿ ಎಣ್ಣೆ ಮುಗಿಯಿತು ಅಂತ ಸುಮ್ನೆ ಔಡಲ ಎಣ್ಣೆ ಸುರಿದರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. ನಾಲ್ಕೈದು ದಿನ ಆದ ಮೇಲೆ ಒದ್ದೆ ಬೆರಳಿನಿಂದ ಸೋಪು ಉಜ್ಜಿ ನಾಲಿಗೆ ತುದಿಗೆ ತಾಗಿಸಿ ನೋಡಿ. ಬರೀ ಸೋಪಿನ ರುಚಿ ಬಂದರೆ ಸರಿ. ಬ್ಯಾಟರಿ ಮುಟ್ಟಿದಂತೆ ಚುರ್ ಅಂದರೆ ತಕ್ಷಣ ಬಾಯಿ ಮುಕ್ಕಳಿಸಿ. ಎರಡು ವಾರದ ಮೇಲೂ ಹಾಗೇ ಅಂದರೆ ಆ ಸೋಪು ಮೈಗೆ ಬೇಡ. ಮೇಲ್ಗಡೆ ಬೂದಿಯಂತೆ ತೆಳ್ಳಗೆ ಬಿಳಿ ಪುಡಿ ಕಂಡರೆ ಹೆದರಬೇಡಿ, ಅದು ಗಾಳಿ ತಾಗಿ ಆಗುವಂಥದ್ದು, ಒರೆಸಿದರೆ ಹೋಗುತ್ತದೆ. ಒಳಗೆ ಬಿಳಿ ಹರಳು ಅಥವಾ ನೀರಿನ ಗುಳ್ಳೆ ಕಂಡರೆ ಮಾತ್ರ ಎಸೆಯಿರಿ.

ನಮ್ಮ ಕಡೆ ಕುಸುಬೆ ಎಣ್ಣೆ ಮನೆಯಲ್ಲೇ ಇರುತ್ತದೆ, ಅದನ್ನೇ ಹಾಕೋಣ ಅನಿಸುತ್ತದೆ ಅಲ್ವಾ? ಜಾಸ್ತಿ ಹಾಕಬೇಡಿ. ಆ ಸೋಪು ಮೆತ್ತಗಿರುತ್ತದೆ, ಮಾಗುವಾಗಲೇ ಕಿತ್ತಳೆ ಬಣ್ಣದ ಚುಕ್ಕೆ ಬಿದ್ದು ಕಮಟು ವಾಸನೆ ಹೊಡೆಯುತ್ತದೆ. ಕೊಬ್ಬರಿ ಎಣ್ಣೆಯೇ ಹೆಚ್ಚಿರಲಿ. ನಮ್ಮ ಬೋರಿನ ಗಡಸು ನೀರಿನಲ್ಲೂ ನೊರೆ ಕೊಡುವುದು ಅದೇ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಎಂಟು ವಾರ ಬಿಡಿ. ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಮೇಲೆ ಬೆವರಿನಂತೆ ಹನಿ ಕೂರುತ್ತದೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ, ಫ್ಯಾನಿನ ಕೆಳಗೆ ಇಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಬೇಡಿ. ಮಾಗಿದ ಮೇಲೂ ನಾನು ಹತ್ತಿ ಬಟ್ಟೆಯಲ್ಲೇ ಸುತ್ತಿ, ಸೀರೆಗಳ ನಡುವೆ ಇಡುತ್ತೇನೆ.