ನಮ್ಮ ಗಲ್ಲಾದ ಐದನೇ ಗುಳಿ

ಅಮೆರಿಕದಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಎಳೆದರೆ ನಾಣ್ಯಕ್ಕೆಂದು ಸಾಮಾನ್ಯವಾಗಿ ಐದು ಗುಳಿ ಕಾಣುತ್ತವೆ, ನಮ್ಮ ಅಳಗುಳಿ ಮಣೆಯ ಹಾಗೆ. ನಾಲ್ಕರಲ್ಲಿ ಪೆನ್ನಿ, ನಿಕಲ್, ಡೈಮ್, ಕ್ವಾರ್ಟರ್, ಅಂದರೆ ಒಂದು, ಐದು, ಹತ್ತು, ಇಪ್ಪತ್ತೈದು ಸೆಂಟ್. ಐದನೆಯದರಲ್ಲಿ ರಬ್ಬರ್ ಬ್ಯಾಂಡು, ಪೇಪರ್ ಕ್ಲಿಪ್ಪು, ಯಾರೋ ಮರೆತುಹೋದ ಬೀಗದ ಕೈ. ನ್ಯೂಜೆರ್ಸಿಯ ಒಂದು ರೈಲು ನಿಲ್ದಾಣದ ಎದುರು ನಾನೂ ನನ್ನ ಹೆಂಡತಿಯೂ ಕಾಫಿ, ಬೇಗಲ್, ಪೇಪರ್, ಲಾಟರಿ ಟಿಕೆಟ್ ಮಾರುವ ಅಂಗಡಿ ನಡೆಸುತ್ತಾ ಇಪ್ಪತ್ತು ವರ್ಷ ದಾಟಿತು. 2007ರಲ್ಲಿ ಆ ಐದನೇ ಗುಳಿಯನ್ನು ಖಾಲಿ ಮಾಡಿ, ಒಂದು ಡಾಲರಿನ ನಾಣ್ಯ ತುಂಬಿಸಿ, ಚಿಲ್ಲರೆಗೆ ಇನ್ನು ಮೇಲೆ ಇದನ್ನೇ ಕೊಡುವುದು ಅಂತ ನಾನು ಹಟ ಹಿಡಿದೆ. ಒಂದೂವರೆ ವರ್ಷ ನಡೆಸಿದೆ. ಆಮೇಲೆ ಸೋತೆ.

ಹಟಕ್ಕೆ ಕಾರಣ ಎರಡು. ಒಂದು, ನನಗೆ ಚಿಕ್ಕಂದಿನಿಂದ ನಾಣ್ಯದ ಹುಚ್ಚು. ದಾವಣಗೆರೆಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ಹೂವಿನಂಚಿನ ಹತ್ತು ಪೈಸೆ ಹೆಕ್ಕಿಕೊಂಡು ಬೈಸಿಕೊಂಡವನು ನಾನು. ಎರಡು, ನಿಲ್ದಾಣದ ಟಿಕೆಟ್ ಯಂತ್ರ. ಇಪ್ಪತ್ತರ ನೋಟು ಹಾಕಿದರೆ ಅದು ಉಳಿದ ದುಡ್ಡನ್ನು ಡಾಲರ್ ನಾಣ್ಯದಲ್ಲೇ ಉದುರಿಸುತ್ತಿತ್ತು, ಠಣ್ ಠಣ್ ಠಣ್ ಅಂತ. ಜನ ಮುಖ ಸಿಂಡರಿಸಿಕೊಂಡು ಅದನ್ನು ಬಾಚಿ ನೇರ ನಮ್ಮ ಅಂಗಡಿಗೆ ಬಂದು, ಕಾಫಿ ಕೊಂಡು, ಅಷ್ಟನ್ನೂ ನನ್ನ ಮುಂದೆ ಸುರಿದು ಹಗುರಾಗುತ್ತಿದ್ದರು. ಅಂದರೆ ನಾನು ಕರೆಯುವ ಮೊದಲೇ ನಾಣ್ಯ ಮನೆಗೆ ಬಂದಿತ್ತು. ಬಂದದ್ದನ್ನು ಬ್ಯಾಂಕಿಗೆ ಹೊತ್ತುಹಾಕುವ ಬದಲು ಮುಂದಕ್ಕೆ ದಾಟಿಸಿದರಾಯಿತು ಅಂದುಕೊಂಡೆ.

ಆ ಯಂತ್ರದಿಂದ ಬರುತ್ತಿದ್ದುದು ಎರಡು ಜಾತಿ. ಒಂದು ಸೂಸನ್ ಬಿ. ಆಂಟನಿ ಡಾಲರ್, 1979ರದು. ಹೆಣ್ಣುಮಕ್ಕಳ ಮತದ ಹಕ್ಕಿಗೆ ಹೋರಾಡಿದ ಮಹಾತಾಯಿ, ಆದರೆ ನಾಣ್ಯ ಮಾಡಿದವರ ಬುದ್ಧಿಗೆ ಏನನ್ನಬೇಕೋ. 26.5 ಮಿಲಿಮೀಟರ್ ಅಗಲ, ಕ್ವಾರ್ಟರ್ 24.3. ಬಣ್ಣ ಅದೇ ಬೆಳ್ಳಿ, ಅಂಚಿನ ಗೀರು ಅದೇ. ಒಳಗಡೆ ಹನ್ನೊಂದು ಮೂಲೆಯ ಚೌಕಟ್ಟು ಕೆತ್ತಿದ್ದರು ನಿಜ, ಆದರೆ ಬೆಳಗಿನ ಏಳೂಕಾಲರ ಗಾಡಿ ಹಿಡಿಯುವವರ ನಡುವೆ ಮೂಲೆ ಎಣಿಸುವವರು ಯಾರು? ಅಂಗಡಿ ತೆಗೆದ ಹೊಸತರಲ್ಲಿ ಎಷ್ಟೋ ಸಲ ಕ್ವಾರ್ಟರ್ ಅಂತ ಅದನ್ನು ಎತ್ತಿಕೊಟ್ಟಿದ್ದೇನೆ. ಪ್ರತಿ ಸಲ ಮುಕ್ಕಾಲು ಡಾಲರ್ ನಷ್ಟ. 1979 ಒಂದೇ ವರ್ಷ 75 ಕೋಟಿಗೂ ಮೀರಿ ಟಂಕಿಸಿದರು, 1981ಕ್ಕೆ ನಿಲ್ಲಿಸಿದರು, ಯಂತ್ರಗಳಿಗೆ ಸಾಲದಾದಾಗ 1999ರಲ್ಲಿ ಮತ್ತೊಮ್ಮೆ ಹೊಡೆದರು.

ಇನ್ನೊಂದು ಸಕಗವಿಯ ಡಾಲರ್, 2000ದ್ದು. ಅಮೆರಿಕದ ಪಶ್ಚಿಮಕ್ಕೆ ದಾರಿ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಜೊತೆ ನಡೆದ ಶೊಶೋನಿ ಬುಡಕಟ್ಟಿನ ಹೆಣ್ಣುಮಗಳು. ಬೆನ್ನಿಗೆ ಕಟ್ಟಿದ ಕೂಸು. ನೋಡಿದರೆ ಕಣ್ಣು ತುಂಬುತ್ತದೆ. ಈ ಸಲ ಹಳೆಯ ತಪ್ಪು ತಿದ್ದಿದ್ದರು: ಬಂಗಾರದ ಬಣ್ಣ, ನುಣುಪು ಅಂಚು. ಅಗಲ, ತೂಕ ಮಾತ್ರ ಆಂಟನಿಯದೇ, ಹಳೆಯ ಯಂತ್ರಗಳು ಇದನ್ನೂ ನುಂಗಲಿ ಅಂತ. ವಾಲ್‌ಮಾರ್ಟ್ ಅಂಗಡಿಗಳಲ್ಲಿ ಹಂಚಿದರು, ಬೆಳಗಿನ ತಿಂಡಿಯ ಚೀರಿಯೋಸ್ ಡಬ್ಬಿಗಳಲ್ಲಿ ಬಚ್ಚಿಟ್ಟರು. ಆ ಒಂದು ವರ್ಷ 120 ಕೋಟಿಗೂ ಹೆಚ್ಚು ಟಂಕಿಸಿದರು. ಎಲ್ಲಿ ಹೋದವು? ಡ್ರಾಯರಿಗೆ, ಹುಂಡಿಗೆ, ಬಿದ್ದ ಹಲ್ಲಿಗೆ ಬದಲು ದುಡ್ಡಿಡುವ ಇಲ್ಲಿಯ ಪದ್ಧತಿಯಂತೆ ಮಕ್ಕಳ ದಿಂಬಿನಡಿಗೆ.

ಬಂಗಾರದ ಬಣ್ಣದ್ದೂ ಒಂದು ಕತೆ ಇದೆ. ಅದು ಮ್ಯಾಂಗನೀಸ್ ಬೆರೆಸಿದ ಹಿತ್ತಾಳೆ. ನಾಲ್ಕು ಕೈ ದಾಟಿದರೆ ಮಂಕಾಗಿ, ಕಂದಾಗಿ, ದೊಡ್ಡ ಪೆನ್ನಿಯ ಹಾಗೆ ಕಾಣತೊಡಗುತ್ತದೆ. ಒಂದು ರಾತ್ರಿ ನನ್ನ ಹೆಂಡತಿ ಅಂಥ ಹತ್ತಿಪ್ಪತ್ತನ್ನು ದೇವರ ದೀಪದ ಜೊತೆ ಹುಣಸೆಹಣ್ಣಲ್ಲಿ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ನಾಣ್ಯ ಕೂಡಿಡುವವನಿಗೆ ಇದಕ್ಕಿಂತ ದೊಡ್ಡ ಪಾಪ ಇಲ್ಲ. ತೊಳೆದ ನಾಣ್ಯಕ್ಕೆ ಸಂಗ್ರಾಹಕರ ನಡುವೆ ಮೂರು ಕಾಸಿನ ಬೆಲೆಯಿಲ್ಲ. ಆದರೆ ಮಾರನೇ ದಿನ ಗಿರಾಕಿಗಳು ಅವನ್ನೇ ಆರಿಸಿ ಆರಿಸಿ ತಗೊಂಡರು. "ನೋಡಿದ್ರಾ, ನಿಮ್ಮ ಶಾಸ್ತ್ರ ನಿಮ್ಮ ಹತ್ರ ಇರ್ಲಿ" ಅಂದಳು.

ನಾನು ಕಾಯುತ್ತಿದ್ದುದು ಮೂರನೇ ಜಾತಿಗೆ. 2007ರ ಫೆಬ್ರವರಿ 15ರಂದು ಜಾರ್ಜ್ ವಾಷಿಂಗ್ಟನ್ ಡಾಲರ್ ಬಂತು. ವರ್ಷಕ್ಕೆ ನಾಲ್ಕು ಅಧ್ಯಕ್ಷರಂತೆ, ಸತ್ತು ಎರಡು ವರ್ಷವಾದವರನ್ನು ಮಾತ್ರ, ಸಾಲಾಗಿ ಹೊರಡಿಸುವ ಯೋಜನೆ. ರಾಜ್ಯಕ್ಕೊಂದರಂತೆ ಹೊರಟ ಕ್ವಾರ್ಟರುಗಳನ್ನು ಜನ ಮುಗಿಬಿದ್ದು ಕೂಡಿಟ್ಟಿದ್ದರಲ್ಲ, ಅದೇ ಉತ್ಸಾಹ ಡಾಲರಿಗೂ ಅಂಟುತ್ತದೆ ಅಂತ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು. ಬ್ಯಾಂಕಿನಲ್ಲಿ ರೋಲ್ ಕೇಳಿದೆ. ಕಾಗದದಲ್ಲಿ ಸುತ್ತಿದ ಒಂದು ರೋಲಿಗೆ 25 ನಾಣ್ಯ. ಕೌಂಟರಿನ ಹುಡುಗಿ, "ಇದನ್ನು ವಾಪಸ್ ಕೊಡೋಕೆ ಬರೋರೇ ಜಾಸ್ತಿ, ಕೇಳೋಕೆ ಬಂದೋರು ನೀವೇ" ಅಂತ ನಕ್ಕಳು.

ಮೊದಲ ವಾರ ಹಬ್ಬ. ಐದು ಡಾಲರ್ ಕೊಟ್ಟು ಎರಡರ ಕಾಫಿ ಕೊಂಡವರಿಗೆ ಮೂರು ವಾಷಿಂಗ್ಟನ್. ಎಲ್ಲರೂ ತಿರುಗಿಸಿ ನೋಡುವವರೇ. ವರ್ಷ, ಟಂಕಸಾಲೆಯ ಗುರುತು, 'ದೇವರಲ್ಲಿ ನಮ್ಮ ನಂಬಿಕೆ' ಎಂಬ ಅಮೆರಿಕದ ಹಳೇ ಘೋಷವಾಕ್ಯ, ಎಲ್ಲವನ್ನೂ ಈ ನಾಣ್ಯದ ಅಂಚಿನಲ್ಲಿ ಕೆತ್ತಿದ್ದರು. ಕೆಲವು ನಾಣ್ಯಗಳು ಆ ಅಂಚಿನ ಯಂತ್ರಕ್ಕೆ ಹೋಗದೆ ಬೋಳಾಗಿಯೇ ಹೊರಬಿದ್ದಿವೆ ಅಂತ ಸುದ್ದಿ ಬಂದದ್ದೇ ತಡ, ನನ್ನ ಅಂಗಡಿ ಎರಡು ಪಂಗಡವಾಯಿತು. ಒಂದು ಪಂಗಡ ಬೋಳು ನಾಣ್ಯ ಹುಡುಕುವವರು. ಮಾರಿದರೆ ಒಳ್ಳೇ ದುಡ್ಡು ಅಂತ ನೋಟು ಕೊಟ್ಟು ರೋಲುಗಟ್ಟಲೆ ಕೇಳಿದರು, ಸಂಜೆ ಅಷ್ಟನ್ನೂ ವಾಪಸ್ ತಂದರು. ಇನ್ನೊಂದು ಪಂಗಡ, ದೇವರನ್ನು ಬೇಕಂತಲೇ ಬಿಟ್ಟಿದ್ದಾರೆ ಅಂತ ಮುನಿದವರು. ದಿನಾ ಚರ್ಚಿನಿಂದ ಬರುವ ಒಬ್ಬ ಅಜ್ಜಿಗೆ ಭೂತಗನ್ನಡಿ ಕೊಟ್ಟು ಅಂಚು ಓದಿಸಿದೆ. ಓದಿದರು. "ದೇವರನ್ನ ಮೂಲೆಗೆ ತಳ್ಳಿದ್ದಾರೆ" ಅಂತ ನೋಟೇ ಇಸಕೊಂಡು ಹೋದರು. ಕೊನೆಗೆ ಕಾನೂನೇ ಬದಲಾಗಿ 2009ರಿಂದ ಆ ಮಾತು ನಾಣ್ಯದ ಮುಖಕ್ಕೆ ಬಂತು.

ಎರಡನೇ ತಿಂಗಳಿಗೆ ನನಗೆ ಗುಟ್ಟು ಹೊಳೆಯಿತು. ಇಷ್ಟಪಟ್ಟವರು ನಾಣ್ಯವನ್ನು ಮನೆಗೆ ಒಯ್ದು ಇಟ್ಟುಕೊಳ್ಳುತ್ತಿದ್ದರು. ಅದು ಮತ್ತೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಇಷ್ಟಪಡದವರು "ನೋಟಿಲ್ವಾ?" ಅಂತ ಅಲ್ಲೇ ತಿರುಗಿಸಿ ಕೊಡುತ್ತಿದ್ದರು. ತಗೊಂಡು, ಪಕ್ಕದ ಅಂಗಡಿಯಲ್ಲಿ ಖರ್ಚು ಮಾಡಿ, ಅಲ್ಲಿಂದ ಇನ್ನೊಬ್ಬರಿಗೆ ದಾಟುವುದು ಅಂತೇನಿದೆ, ಅದು ಆಗಲೇ ಇಲ್ಲ. ಕನ್ನಡದಲ್ಲಿ ನಾವು ನಾಣ್ಯ 'ನಡೆಯುತ್ತೆ', 'ನಡೆಯಲ್ಲ' ಅಂತೀವಿ. ಇದಕ್ಕೆ ಕಾಲೇ ಬರಲಿಲ್ಲ. ನಾಣ್ಯ ಚೆಂದ ಮಾಡಿದಷ್ಟೂ ಬೇಗ ಡ್ರಾಯರು ಸೇರಿತು. ಕೂಡಿಡಲೆಂದು ಮಾಡಿದ್ದನ್ನು ಜನ ಕೂಡಿಟ್ಟರೆ ಅವರದೇನು ತಪ್ಪು?

ಕೆಲಸದ ಹುಡುಗಿಯ ಟಿಪ್ಸ್ ಡಬ್ಬಿಯ ಮಾತೂ ಹೇಳಬೇಕು. ನಾಣ್ಯ ಅಂದರೆ ಚಿಲ್ಲರೆ, ಚಿಲ್ಲರೆ ಅಂದರೆ ಡಬ್ಬಿಗೆ, ಇದು ಇಲ್ಲಿಯವರ ಕೈಯಲ್ಲಿ ಕೂತ ಅಭ್ಯಾಸ. ಡಾಲರ್ ನೋಟು ಕೊಟ್ಟರೆ ಮಡಚಿ ಪರ್ಸಿಗೆ ಹಾಕುವವರು ಅದೇ ಡಾಲರ್ ನಾಣ್ಯವಾದರೆ ಡಬ್ಬಿಗೆ ಬಿಡುತ್ತಿದ್ದರು. ಹುಡುಗಿಗೆ ಖುಷಿಯೋ ಖುಷಿ. ಸಂಜೆ ಅವಳು ಅಷ್ಟನ್ನೂ ನನ್ನ ಗಲ್ಲಾಕ್ಕೆ ಸುರಿದು ನೋಟು ಎಣಿಸಿಕೊಂಡು ಹೋಗುತ್ತಿದ್ದಳು. ಬೆಳಿಗ್ಗೆ ಐದನೇ ಗುಳಿ ಖಾಲಿ, ಸಂಜೆ ತುಂಬಿದ ಕೊಡ.

ಒಬ್ಬರು ಮಾತ್ರ ಬೇರೆ. ಕಟ್ಟಡದ ಕೆಲಸಕ್ಕೆ ಹೋಗುವ ಈಕ್ವೆಡಾರಿನ ಗಿರಾಕಿ. ನೋಟು ಕೊಟ್ಟರೆ ಬೇಡ ಅಂದು ಸಕಗವಿಯನ್ನೇ ಕೇಳುತ್ತಿದ್ದರು. ಈಕ್ವೆಡಾರ್ 2000ದಲ್ಲಿ ತನ್ನ ಸೂಕ್ರೆ ಬಿಟ್ಟು ಅಮೆರಿಕದ ಡಾಲರನ್ನೇ ತನ್ನ ದುಡ್ಡು ಮಾಡಿಕೊಂಡಿತು. ಅಲ್ಲಿ ಸಂತೆಯಲ್ಲಿ, ಬಸ್ಸಿನಲ್ಲಿ ಈ ನಾಣ್ಯವೇ ಓಡಾಡುವುದು. ಹರಕು ನೋಟಿಗಿಂತ ಇದರ ಮೇಲೇ ಭರವಸೆ. "ಅಮ್ಮನಿಗೆ ಒಯ್ಯೋಕೆ" ಅಂತ ಊರಿಗೆ ಹೊರಡುವ ಮುಂಚೆ ನನ್ನ ಹತ್ತಿರ ನಾಲ್ಕು ರೋಲ್ ತಗೊಂಡರು. ಅಮೆರಿಕದಲ್ಲಿ ಕಾಲಿಲ್ಲದ ನಾಣ್ಯ ಆಂಡಿಸ್ ಬೆಟ್ಟ ಹತ್ತುತ್ತಿತ್ತು.

ಕನ್ನಡ ಕೂಟದ ಒಬ್ಬ ಸ್ನೇಹಿತರೂ ರಾಶಿ ರಾಶಿ ತಗೊಂಡರು, ನನ್ನ ಹತ್ತಿರ ಅಲ್ಲ. 2008ರಲ್ಲಿ ಟಂಕಸಾಲೆ ಈ ನಾಣ್ಯವನ್ನು ಮುಖಬೆಲೆಗೇ, ಅಂಚೆ ಖರ್ಚಿಲ್ಲದೆ ಮನೆಗೆ ಕಳಿಸತೊಡಗಿತು. ಪೆಟ್ಟಿಗೆಗೆ 250 ನಾಣ್ಯ. ಇವರು ಕ್ರೆಡಿಟ್ ಕಾರ್ಡಿನಲ್ಲಿ ಪೆಟ್ಟಿಗೆ ತರಿಸುವುದು, ಬಿಚ್ಚದೆಯೇ ಬ್ಯಾಂಕಿಗೆ ಕಟ್ಟುವುದು, ಆ ದುಡ್ಡಲ್ಲಿ ಕಾರ್ಡಿನ ಬಿಲ್ ತೀರಿಸುವುದು. ಕಾರ್ಡಿನವರು ಖರ್ಚಿಗೆ ಇನಾಮಾಗಿ ಕೊಟ್ಟ ವಿಮಾನದ ಮೈಲಿಗಳಲ್ಲಿ, ಅಂದರೆ ಬಿಟ್ಟಿ ಟಿಕೆಟ್ಟಿನಲ್ಲಿ, ಬೆಂಗಳೂರಿಗೆ ಹೋಗಿ ಮಾವಿನಕಾಯಿ ತೊಕ್ಕು ತಂದುಕೊಟ್ಟರು. ಇದೇ ಉಪಾಯ ದೇಶದ ತುಂಬ ನಡೆದು, 2011ರಲ್ಲಿ ಕಾರ್ಡಿನ ಮಾರಾಟ ನಿಂತಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಚಲಾವಣೆಗೆಂದು ಡಾಲರ್ ನಾಣ್ಯ ಹೊಡೆಯುವುದನ್ನೇ ಸರ್ಕಾರ ನಿಲ್ಲಿಸಿತು. ಆಗ ಇಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ಉಗ್ರಾಣಗಳಲ್ಲಿ ಸುಮಾರು 140 ಕೋಟಿ ನಾಣ್ಯ ಕೊಳೆಯುತ್ತಿದ್ದವು. ನಾನು ಅದಕ್ಕೂ ಮೊದಲೇ ಕೈಬಿಟ್ಟಿದ್ದೆ. ಬೇಸರವಾಗಿ ಅಲ್ಲ, ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ, ಕಾಗದದ ಕೊಳವೆಗೆ ನಾಣ್ಯ ತುಂಬಿ, ಬೆಳಿಗ್ಗೆ ಬ್ಯಾಂಕಿಗೆ ಹೊತ್ತು ಹೊತ್ತು ಬೆನ್ನು ಬಿದ್ದುಹೋಗಿತ್ತು. ಒಂದು ನಾಣ್ಯಕ್ಕೆ 8.1 ಗ್ರಾಂ. ನೂರು ಡಾಲರ್ ಅಂದರೆ ಮುಕ್ಕಾಲು ಕಿಲೋ ಮೀರುತ್ತದೆ. ಅದೇ ನೂರು ನೋಟಾದರೆ ನೂರು ಗ್ರಾಂ.

ಹಾಗಾದರೆ ಡಾಲರ್ ನಾಣ್ಯ ಎಲ್ಲೂ ನಡೆಯುವುದಿಲ್ಲವೇ? ಟೊರಾಂಟೋದಲ್ಲಿರುವ ಅಕ್ಕನ ಮನೆಗೆ ಹೋದಾಗ ನೋಡಿದೆ. ಕಾರಿನ ಗೇರಿನ ಪಕ್ಕದ ಗುಂಡಿಯಲ್ಲಿ ಹಿಡಿ ತುಂಬ 'ಲೂನಿ', ಅಲ್ಲಿನ ಒಂದು ಡಾಲರ್ ನಾಣ್ಯ. ಪಾರ್ಕಿಂಗಿಗೆ, ಕಾಫಿಗೆ, ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಬಿಡಿಸಲಿಕ್ಕೆ ಎಲ್ಲಕ್ಕೂ ಅದೇ. ನಿಮಗೆ ಇಷ್ಟಾನಾ ಅಂದರೆ ಭಾವ, "ಇಷ್ಟ ಯಾರನ್ನ ಕೇಳಿದ್ರು? ನೋಟು ನಿಲ್ಲಿಸಿದ್ರು ಅಷ್ಟೆ" ಅಂದರು. 1987ರಲ್ಲಿ ನಾಣ್ಯ ಬಂತು, 1989ರಲ್ಲಿ ನೋಟು ಕೊಡುವುದು ನಿಂತಿತು. ಏಳು ವರ್ಷದ ಮೇಲೆ ಎರಡು ಡಾಲರಿಗೂ ಹಾಗೇ ಮಾಡಿದರು.

ನಮ್ಮೂರಲ್ಲೂ ಬೇರೆ ಏನಲ್ಲ. ಎರಡು ರೂಪಾಯಿ, ಐದು ರೂಪಾಯಿ ನೋಟು ಮುದ್ರಿಸುವುದು ನಿಂತಿತು. ನಾಣ್ಯ ತಂತಾನೇ ಜೇಬಿಗೆ ಬಂತು. ಹತ್ತು ರೂಪಾಯಿಗೆ ನೋಟೂ ಇದೆ, ನಾಣ್ಯವೂ ಇದೆ. ಕೆಲವು ವರ್ಷದ ಹಿಂದೆ ದಾವಣಗೆರೆಯಲ್ಲಿ ಸೊಪ್ಪಿನಾಕೆಗೆ ಹತ್ತರ ನಾಣ್ಯ ಕೊಟ್ಟರೆ "ಇದು ನಡೆಯಂಗಿಲ್ರೀ ಅಣ್ಣಾ, ನೋಟ್ ಕೊಡ್ರಿ" ಅಂದಳು. ಹದಿನಾಲ್ಕು ವಿನ್ಯಾಸದವೂ ಅಸಲಿಯೇ ಅಂತ 2018ರಲ್ಲಿ ರಿಸರ್ವ್ ಬ್ಯಾಂಕ್ ಸಾರಿದ್ದನ್ನು ನಾನು ಅಲ್ಲೇ ನಿಂತು ವಿವರಿಸಿದೆ. ಕೇಳಿಸಿಕೊಂಡಳು, ಪಾಪ. ಕೊತ್ತಂಬರಿ ಕಟ್ಟನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಒಂದೇ ಬೆಲೆಗೆ ಹದಿನಾಲ್ಕು ಮುಖ ಮಾಡಿದರೆ ಅನುಮಾನ ಬಾರದೇ ಇರುತ್ತದೆಯೇ? ಅಮೆರಿಕದ ಅಧ್ಯಕ್ಷರ ಸಾಲಿನಲ್ಲೂ ನನ್ನ ಗಿರಾಕಿಗಳು ಮಾರ್ಟಿನ್ ವ್ಯಾನ್ ಬ್ಯೂರೆನ್ ಮುಖ ನೋಡಿ ಇದು ಯಾವ ದೇಶದ್ದು ಅಂತ ನನ್ನನ್ನೇ ಕೇಳಿದ್ದುಂಟು.

ನೋಟು ನಿಲ್ಲಿಸಿದರೆ ಉಳಿತಾಯ ಅಂತ ಅಮೆರಿಕದ ಸಂಸತ್ತಿನ ಲೆಕ್ಕ ತಪಾಸಣೆಯವರು ವರ್ಷಗಟ್ಟಲೆ ವರದಿ ಕೊಟ್ಟರು. 2019ರಲ್ಲಿ ಅವರೇ ಮಾತು ತಿರುಗಿಸಿ, ನೋಟು ಈಗ ಮೊದಲಿಗಿಂತ ಬಹಳ ಕಾಲ ಬಾಳುತ್ತದೆ, ಬದಲಾಯಿಸಿದರೆ ನಷ್ಟವೇ ಅಂದರು. ಅವರ ಲೆಕ್ಕದಲ್ಲಿ ಒಂದು ನೋಟಿನ ಜಾಗಕ್ಕೆ ಒಂದೂವರೆ ನಾಣ್ಯ ಬೇಕು, ಜನ ಕೂಡಿಡುವುದರಿಂದ. ಓದಿ ನಗು ಬಂತು. ನನ್ನ ಗಲ್ಲಾ ಅದನ್ನು ಎಂದೋ ಹೇಳಿತ್ತು.

2018ರಿಂದ ಬರುತ್ತಿರುವ 'ಅಮೆರಿಕನ್ ಇನೊವೇಶನ್' ಡಾಲರುಗಳಂತೂ ಬೀದಿಗೆ ಇಳಿಯುವ ಆಸೆಯನ್ನೇ ಇಟ್ಟುಕೊಂಡಿಲ್ಲ. ರಾಜ್ಯಕ್ಕೊಂದು ಹೊಸಶೋಧ, 2032ರ ತನಕ. ಸಂಗ್ರಾಹಕರಿಗೆ ಮಾತ್ರ ಮಾರಾಟ. 25ರ ರೋಲಿಗೆ ಮೂವತ್ತು ಡಾಲರಿಗೂ ಮೇಲೆ ತೆರಬೇಕು. ತೆತ್ತವನು ಅದನ್ನು ಕಾಫಿಗೆ ಕೊಟ್ಟಾನೆಯೇ? ನ್ಯೂಜೆರ್ಸಿಯದು 2019ರಲ್ಲಿ ಬಂತು, ಎಡಿಸನ್ನನ ಬಲ್ಬು. ಅವನು ಅದನ್ನು ಉರಿಸಿದ ಮೆನ್ಲೋ ಪಾರ್ಕ್ ನಮ್ಮ ಅಂಗಡಿಯಿಂದ ಕಾರಿನಲ್ಲಿ ಹತ್ತು ನಿಮಿಷ. ಒಂದು ರೋಲ್ ಕೊಂಡೆ. ಇಪ್ಪತ್ನಾಲ್ಕು ಬೀರುವಿನಲ್ಲಿವೆ. ಒಂದನ್ನು ಬೇಕೆಂದೇ ಪಕ್ಕದ ಪಿಜ್ಜಾ ಅಂಗಡಿಯಲ್ಲಿ ಖರ್ಚು ಮಾಡಿದೆ. ಮಾಲೀಕ ಅದನ್ನು ಗಲ್ಲಾಕ್ಕೆ ಹಾಕಲಿಲ್ಲ, ಶರಟಿನ ಜೇಬಿಗೆ ಹಾಕಿಕೊಂಡ.

2025ರ ನವೆಂಬರಿನಲ್ಲಿ ಪೆನ್ನಿ ಹೊಡೆಯುವುದು ನಿಂತಿತಲ್ಲ, ಆಗ ನನ್ನ ಹಳೇ ಹುಚ್ಚು ಕೆದರಿತು. ಇನ್ನು ಪೆನ್ನಿಯ ಗುಳಿ ನಿಧಾನಕ್ಕೆ ಖಾಲಿಯಾಗುತ್ತದೆ, ಅಲ್ಲಿಗೆ ಡಾಲರ್ ನಾಣ್ಯ ಹಾಕೋಣವೇ ಅಂತ ಹೆಂಡತಿಯನ್ನು ಕೇಳಿದೆ. "ಬೇಡಾರೀ. ರಬ್ಬರ್ ಬ್ಯಾಂಡ್ ಜೊತೆ ಕ್ಲಿಪ್ಪು ಸಿಕ್ಕಾಕಿಕೊಳ್ಳತ್ತೆ, ಕ್ಲಿಪ್ಪಿಗೆ ಆ ಗುಳಿ ಬೇಕು" ಅಂದಳು.