ಇಂಧನ ಅಗ್ಗವಾದರೂ ಮನೆಯ ಬಿಲ್ ಇಳಿಯದಿದ್ದರೆ: ಬಿಲ್ಲನ್ನು ಬಿಡಿಸಿ ನೋಡುವ ಕ್ರಮ

ಕಲ್ಲಿದ್ದಲು ಅಗ್ಗವಾಯಿತು, ಗ್ಯಾಸ್ ಅಗ್ಗವಾಯಿತು ಎಂಬ ಸುದ್ದಿ ಬಂದ ತಿಂಗಳೇ ಕರೆಂಟ್ ಬಿಲ್ಲಿನ ಮೊತ್ತ ಹೆಚ್ಚಾಗಿ ಬರುವುದುಂಟು. ಕಂಪನಿ ಮೋಸ ಮಾಡಿದೆ ಎಂದು ತೀರ್ಮಾನಿಸುವ ಮೊದಲು ಒಂದು ಲೆಕ್ಕ ಮಾಡಬೇಕು: ನಿಮ್ಮ ಬಿಲ್ಲಿನಲ್ಲಿ ಇಂಧನದ ಪಾಲು ಎಷ್ಟು? ಆ ಪಾಲು ಗೊತ್ತಾದರೆ ಬಿಲ್ ಎಷ್ಟು ಇಳಿಯಬಹುದಿತ್ತು, ಯಾವಾಗ ಇಳಿಯಬೇಕಿತ್ತು, ತಪ್ಪು ಎಲ್ಲಿ ನುಸುಳಿದೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ಇದಕ್ಕೆ ಹಿಂದಿನ 13 ತಿಂಗಳ ಬಿಲ್‌ಗಳು ಬೇಕು. 12 ಸಾಲದು, ಈ ತಿಂಗಳನ್ನು ಕಳೆದ ವರ್ಷದ ಇದೇ ತಿಂಗಳ ಜೊತೆಗೇ ಹೋಲಿಸಬೇಕು. ಬೇಸಿಗೆಯ ಬಿಲ್ಲನ್ನು ಚಳಿಗಾಲದ ಬಿಲ್ಲಿನ ಪಕ್ಕದಲ್ಲಿಟ್ಟರೆ ಏನೂ ತಿಳಿಯುವುದಿಲ್ಲ.

ಮೊದಲು ಸರಿಯಾದ ಇಂಧನವನ್ನು ನೋಡಿ

ಸುದ್ದಿಯಲ್ಲಿ ಹೆಚ್ಚು ಕೇಳುವುದು ಕಚ್ಚಾ ತೈಲದ ಬೆಲೆ. ಕರೆಂಟಿಗೂ ಅದಕ್ಕೂ ಇರುವ ನಂಟು ತೀರಾ ಸಣ್ಣದು. ಪ್ರಪಂಚದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಲ್ಲಿದ್ದಲಿನಿಂದ, ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನೈಸರ್ಗಿಕ ಅನಿಲದಿಂದ ಬರುತ್ತದೆ. ತೈಲದ ಪಾಲು ಶೇ. 3ರ ಆಸುಪಾಸು ಮಾತ್ರ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ (ಮುಂದೆ ಕೊಡುವ ಸರಕಿಗೆ ಈಗಲೇ ಒಪ್ಪುವ ಬೆಲೆ) ಬ್ಯಾರೆಲ್‌ಗೆ ಮೈನಸ್ 37.63 ಡಾಲರ್ ತಲುಪಿದಾಗಲೂ ಮನೆಗಳ ವಿದ್ಯುತ್ ದರ ಅದರ ಹಿಂದೆ ಓಡದಿದ್ದುದಕ್ಕೆ ಇದೂ ಒಂದು ಕಾರಣ. ನಿಮ್ಮ ಜಾಲಕ್ಕೆ ವಿದ್ಯುತ್ ಯಾವ ಮೂಲದಿಂದ ಬರುತ್ತದೆ ಎಂದು ಸರಬರಾಜು ಕಂಪನಿಯ ವಾರ್ಷಿಕ ದರ ಆದೇಶದಲ್ಲಿ (ದರ ಮತ್ತು ಅದರ ಹಿಂದಿನ ವೆಚ್ಚದ ಲೆಕ್ಕ ಇರುವ ದಾಖಲೆ) ನೋಡಿ, ಆ ಇಂಧನದ ಬೆಲೆಯನ್ನಷ್ಟೇ ಗಮನಿಸಿ. ಆಮದಾಗುವ ಇಂಧನವಾದರೆ ಡಾಲರ್ ವಿನಿಮಯ ದರವನ್ನೂ ಸೇರಿಸಿಕೊಳ್ಳಿ. ಬೆಲೆ ಶೇ. 10 ಇಳಿದು, ಸ್ಥಳೀಯ ಹಣದಲ್ಲಿ ಡಾಲರ್ ಶೇ. 10 ದುಬಾರಿಯಾದರೆ, ಇಳಿಕೆ ಬಹುತೇಕ ಅಲ್ಲೇ ಕರಗಿಹೋಗುತ್ತದೆ.

ಬಿಲ್ಲನ್ನು ಐದು ಗುಂಪು ಮಾಡಿ

ಬಿಲ್ಲಿನ ಪ್ರತಿ ಸಾಲನ್ನೂ ಇವುಗಳಲ್ಲಿ ಒಂದಕ್ಕೆ ಹಾಕಿ: ನಿಗದಿತ ಶುಲ್ಕ, ಯೂನಿಟ್ ಶುಲ್ಕ, ಇಂಧನ ಹೊಂದಾಣಿಕೆ ಶುಲ್ಕ (ಇಂಧನದ ವೆಚ್ಚ ಏರಿಳಿದಂತೆ ಬದಲಾಗುವ ಸಾಲು), ತೆರಿಗೆ, ಹಳೆ ಬಾಕಿ ಮತ್ತು ಇತರೆ. ಉದಾಹರಣೆಗೆ 100 ಯೂನಿಟ್‌ಗೆ ಒಟ್ಟು 1000 ಬಿಲ್ ಬಂದಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ನಿಗದಿತ 220, ಯೂನಿಟ್ ಶುಲ್ಕ 560, ಹೊಂದಾಣಿಕೆ 80, ತೆರಿಗೆ 90, ಬಾಕಿ 50.

ಇಲ್ಲಿ ಇಂಧನದ ಮಾತು ಕೇಳುವುದು ಎರಡೇ ಸಾಲು. ಅದರಲ್ಲೂ ಯೂನಿಟ್ ಶುಲ್ಕ ಪೂರ್ತಿ ಇಂಧನವಲ್ಲ; ತಂತಿ, ಕಂಬ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ, ಸಾಗಣೆಯಲ್ಲಿ ಸೋರುವ ವಿದ್ಯುತ್ತು, ಸಾಲದ ಬಡ್ಡಿ ಎಲ್ಲವೂ ಅದರೊಳಗಿವೆ. ಅರ್ಧ ಇಂಧನ ಎಂದುಕೊಂಡರೆ 280, ಜೊತೆಗೆ ಹೊಂದಾಣಿಕೆಯ 80, ಒಟ್ಟು 360. ಇಂಧನ ಶೇ. 20 ಇಳಿದರೆ ಕಡಿಮೆಯಾಗುವುದು 72. ತೆರಿಗೆಯನ್ನು ಬಾಕಿ ಬಿಟ್ಟು ಉಳಿದ 860ರ ಮೇಲೆ ಹಾಕಿದ್ದರೆ ಅದರಲ್ಲೂ ಏಳೆಂಟು ತಗ್ಗುತ್ತದೆ. ಅಂದರೆ ಇಂಧನದ ಇಡೀ ಇಳಿಕೆ ಅದೇ ದಿನ ನಿಮ್ಮ ಕೈಗೆ ಬಂದರೂ 1000ದ ಬಿಲ್ 920ರ ಹತ್ತಿರ ನಿಲ್ಲುತ್ತದೆ. ನಿಮ್ಮ ಬಿಲ್ಲಿಗೆ ಈ ಲೆಕ್ಕ ಹಾಕುವಾಗ ಅರ್ಧ ಎಂಬ ಊಹೆಯ ಬದಲು ದರ ಆದೇಶದಲ್ಲಿರುವ ನಿಜವಾದ ಪಾಲನ್ನು ಹಾಕಿ.

ಸುಮಾರು 80ರ ಆ ಇಳಿಕೆ ಕೂಡ ತಡವಾಗುವುದೇಕೆ

ಕಾರಣ ಒಂದಲ್ಲ, ನಾಲ್ಕೈದು ಒಟ್ಟಿಗೆ ಕೆಲಸ ಮಾಡುತ್ತವೆ. ಮೊದಲನೆಯದು ಹಳೆ ದಾಸ್ತಾನು. ಸ್ಥಾವರದ ಅಂಗಳದಲ್ಲಿ ಟನ್‌ಗೆ 100ರಂತೆ ಕೊಂಡ 100 ಟನ್ ಕಲ್ಲಿದ್ದಲಿದೆ. ಈಗ ಟನ್‌ಗೆ 70ರಂತೆ 50 ಟನ್ ಬಂತು. ಸರಾಸರಿ ಬೆಲೆ 90. ಮಾರುಕಟ್ಟೆ ಶೇ. 30 ಬಿದ್ದರೂ ಲೆಕ್ಕಕ್ಕೆ ಬಂದ ಇಳಿಕೆ ಶೇ. 10. ಗ್ಯಾಸಿನಲ್ಲಿ ಇದೇ ಕೆಲಸವನ್ನು ಮುಂಗಡ ಒಪ್ಪಂದಗಳು ಮಾಡುತ್ತವೆ. ಸರಬರಾಜುದಾರರು ಮುಂದಿನ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಗತ್ಯವನ್ನು ಕಂತುಕಂತಾಗಿ ಮೊದಲೇ ಕೊಂಡಿಟ್ಟಿರುತ್ತಾರೆ. ಬೆಲೆ ಏರಿದಾಗ ಇದು ನಿಮ್ಮನ್ನು ಕಾಪಾಡುತ್ತದೆ, ಇಳಿದಾಗ ಕಟ್ಟಿಹಾಕುತ್ತದೆ.

ಎರಡನೆಯದೇ ಹೆಚ್ಚು ಜನರ ಕಣ್ಣು ತಪ್ಪುವುದು: ಮುಂದೂಡಿದ ಬಾಕಿ. 2022ರ ಆಗಸ್ಟಿನಲ್ಲಿ ಯುರೋಪಿನ ಸಗಟು ಗ್ಯಾಸ್ ಬೆಲೆ ಮೆಗಾವ್ಯಾಟ್-ಗಂಟೆಗೆ 300 ಯುರೋ ದಾಟಿತ್ತು. ಇಂಥ ಹೊತ್ತಿನಲ್ಲಿ ಪೂರ್ತಿ ವೆಚ್ಚವನ್ನು ಒಮ್ಮೆಲೇ ಗ್ರಾಹಕರ ಮೇಲೆ ಹಾಕದೆ, ಒಂದು ಭಾಗವನ್ನು ನಿಯಂತ್ರಣ ಸಂಸ್ಥೆಗಳು ಮುಂದಿನ ವರ್ಷಗಳಿಗೆ ದೂಡುವುದುಂಟು. ಅದು ಮನ್ನಾ ಅಲ್ಲ. ಎಷ್ಟೋ ಕಡೆ ಬಡ್ಡಿ ಸೇರಿಸಿ, ಇಂಧನ ಅಗ್ಗವಾದ ಮೇಲೆ ವಸೂಲಿ ಮಾಡುತ್ತಾರೆ. ಹೊಂದಾಣಿಕೆ ಸಾಲಿನ ಪಕ್ಕದಲ್ಲಿ ಅಥವಾ ಆದೇಶದಲ್ಲಿ ಅದು ಯಾವ ತಿಂಗಳ ವೆಚ್ಚಕ್ಕೆ ಸೇರಿದ್ದು ಎಂದು ಬರೆದಿರುತ್ತದೆ. ಆ ತಿಂಗಳ ಇಂಧನ ಬೆಲೆಯನ್ನು ನೋಡಿ, ಈ ತಿಂಗಳದ್ದನ್ನಲ್ಲ. ಸಾಮಾನ್ಯವಾಗಿ ಒಂದೆರಡು ತಿಂಗಳಿಂದ ಮೂರು ತಿಂಗಳ ಅಂತರ ಕಾಣುತ್ತದೆ; ವರ್ಷಕ್ಕೊಮ್ಮೆ ಲೆಕ್ಕ ಸರಿಪಡಿಸುವ ಕಡೆ ಇನ್ನೂ ಹೆಚ್ಚು.

ಮೂರನೆಯದು ಸಾಮರ್ಥ್ಯ ಶುಲ್ಕ. ದೀರ್ಘಾವಧಿ ಖರೀದಿ ಒಪ್ಪಂದವಿದ್ದರೆ, ಸ್ಥಾವರ ಉತ್ಪಾದನೆಗೆ ಸಿದ್ಧವಾಗಿದ್ದಷ್ಟು ದಿನ, ಒಂದು ಯೂನಿಟ್ ಪಡೆಯದಿದ್ದರೂ ಹಣ ಕೊಡಲೇಬೇಕು. ಇಂಧನ ಬಿಟ್ಟಿಯಾದರೂ ಇದು ಕದಲುವುದಿಲ್ಲ. ಇನ್ನು ಹರಾಜಿನ ಸಗಟು ಮಾರುಕಟ್ಟೆಗಳಲ್ಲಿ, ಆ ಹೊತ್ತಿನ ಬೇಡಿಕೆ ಪೂರೈಸಲು ಬೇಕಾದ ಅತಿ ದುಬಾರಿ ಸ್ಥಾವರದ ದರವೇ ಎಲ್ಲರಿಗೂ ಸಿಗುತ್ತದೆ. ಆ ಜಾಗದಲ್ಲಿ ಗ್ಯಾಸ್ ಸ್ಥಾವರ ಕೂತಿದ್ದರೆ ಕಲ್ಲಿದ್ದಲು ಎಷ್ಟು ಇಳಿದರೂ ಆ ಗಂಟೆಯ ದರ ಇಳಿಯದು.

ನಿಗದಿತ ವೆಚ್ಚವನ್ನು ಯೂನಿಟ್ ದರದಲ್ಲಿ ಸೇರಿಸುವ ಕಡೆ ಮತ್ತೊಂದು ತೊಡಕಿದೆ: ಒಟ್ಟಾರೆ ಬಳಕೆ ಕಡಿಮೆಯಾದರೆ ಅದೇ ತಂತಿ-ಕಂಬದ ಖರ್ಚು ಕಡಿಮೆ ಯೂನಿಟ್‌ಗಳ ಮೇಲೆ ಹಂಚಿಕೆಯಾಗಿ, ಮುಂದಿನ ಪರಿಷ್ಕರಣೆಯಲ್ಲಿ ದರ ಏರುತ್ತದೆ. ಉಳಿತಾಯ ಮಾಡಿದ ಮನೆಗಳಿಗೆ ಇದು ಅನ್ಯಾಯವಾಗಿ ಕಾಣುತ್ತದೆ, ಕಾಣಬೇಕಾದ್ದೇ.

ದಿನಗಳನ್ನು ಎಣಿಸಿ, ಸ್ಲ್ಯಾಬ್ ಪರೀಕ್ಷಿಸಿ

ಎರಡು ರೀಡಿಂಗ್‌ಗಳ ನಡುವಿನ ದಿನಗಳನ್ನು ಎಣಿಸಿ, ಯೂನಿಟ್‌ಗಳನ್ನು ಅದರಿಂದ ಭಾಗಿಸಿ. ಹೋಲಿಕೆಗೆ ಬಳಸಬೇಕಾದ್ದು ಈ ದಿನದ ಬಳಕೆಯನ್ನೇ. 30 ದಿನಕ್ಕೆ ಮೊದಲ ಸ್ಲ್ಯಾಬ್ 100 ಯೂನಿಟ್ ಇರುವಲ್ಲಿ, ರೀಡಿಂಗ್ 36 ದಿನಕ್ಕೆ ಆಗಿ 120 ಯೂನಿಟ್ ಬಂದರೆ ಸ್ಲ್ಯಾಬ್ ಮಿತಿಯೂ 120ಕ್ಕೆ ಹಿಗ್ಗಬೇಕು (100 × 36 ÷ 30). ಹಿಗ್ಗಿಸದಿದ್ದರೆ 20 ಯೂನಿಟ್ ಸುಮ್ಮನೆ ದುಬಾರಿ ಸ್ಲ್ಯಾಬಿಗೆ ಬೀಳುತ್ತದೆ. ರೀಡಿಂಗ್ ನಿಜವಾದದ್ದೋ ಅಂದಾಜೋ ಎಂಬುದನ್ನೂ ನೋಡಿ. ಮೂರು ತಿಂಗಳು ಕಡಿಮೆ ಅಂದಾಜು ಹಾಕಿ ನಾಲ್ಕನೇ ತಿಂಗಳು ನಿಜವಾದ ರೀಡಿಂಗ್ ತೆಗೆದರೆ, ಹಿಂದಿನ ಬಳಕೆಯೆಲ್ಲ ಒಂದೇ ಬಿಲ್ಲಿಗೆ ಬಂದು ಕೂರುತ್ತದೆ. ಪ್ರತಿ ತಿಂಗಳು ಸಮ ಕಂತು ಕಟ್ಟುವವರು ಕಂತನ್ನೇ ಬಿಲ್ ಎಂದುಕೊಳ್ಳಬಾರದು. ಖಾತೆಯಲ್ಲಿ ನಿಮ್ಮ ಜಮೆ ಬೆಳೆಯುತ್ತಿದ್ದರೆ ಕಂತು ಇಳಿಸಲು ಕೇಳಿ.

ಗ್ಯಾಸ್, ನೀರು

ಪೈಪ್ ಗ್ಯಾಸಿನಲ್ಲಿ ಮೀಟರಿನ ಅಳತೆ ಘನ ಮೀಟರೋ ಘನ ಅಡಿಯೋ ಎಂದು ಮೀಟರ್ ಮೇಲೆಯೇ ಓದಿ. 100 ಘನ ಅಡಿ ಎಂದರೆ 2.83 ಘನ ಮೀಟರ್. ಘನ ಮೀಟರಿನ ರೀಡಿಂಗನ್ನು ನೂರು ಘನ ಅಡಿಯ ಲೆಕ್ಕಕ್ಕೆ ಹಾಕಿದರೆ ಬಳಕೆ ಸುಮಾರು 2.8 ಪಟ್ಟು ಕಾಣುತ್ತದೆ. ಮೀಟರ್ ಬದಲಾದ ತಿಂಗಳಿನಿಂದಲೇ ಬಿಲ್ ಜಿಗಿದಿದ್ದರೆ ಮೊದಲ ಅನುಮಾನ ಇಲ್ಲೇ ಇರಲಿ. ನೀರಿನ ಬಿಲ್ಲಿನಲ್ಲಿ ಇಂಧನದ ಪಾಲು ಪಂಪ್ ಓಡಿಸುವಷ್ಟಕ್ಕೇ ಸೀಮಿತ. ಅಲ್ಲಿ ಹೆಚ್ಚಾಗಿ ಕಾಡುವುದು ಸೋರಿಕೆ. ಎಲ್ಲ ನಲ್ಲಿ ಮುಚ್ಚಿ ಎರಡು ಗಂಟೆ ನೀರು ಮುಟ್ಟದೆ ಮೀಟರ್ ನೋಡಿ. ಮುಳ್ಳು ಅಲುಗಿದ್ದರೆ ಶೌಚಾಲಯದ ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ 20 ನಿಮಿಷ ಬಿಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಟ್ಯಾಂಕಿನ ರಬ್ಬರ್ ಸವೆದಿದೆ.

ನಿಮ್ಮ ಕೈಯಲ್ಲಿರುವುದು

ಉಳಿತಾಯವನ್ನು ಸರಾಸರಿ ದರದಲ್ಲಿ ಲೆಕ್ಕ ಹಾಕಬೇಡಿ. ಮೇಲಿನ ಉದಾಹರಣೆಯಲ್ಲಿ ಯೂನಿಟ್‌ಗೆ ಸರಾಸರಿ 10 ಬಿದ್ದಂತೆ ಕಂಡರೂ 10 ಯೂನಿಟ್ ಉಳಿಸಿದರೆ 100 ಉಳಿಯುವುದಿಲ್ಲ. ಯೂನಿಟ್ ಶುಲ್ಕ 5.6, ಹೊಂದಾಣಿಕೆ 0.8, ತೆರಿಗೆ ಸೇರಿ ಸುಮಾರು 7.1, ಉಳಿಯುವುದು 71. ಸ್ಲ್ಯಾಬ್ ಇರುವಲ್ಲಿ ಕೊನೆಯ ಸ್ಲ್ಯಾಬಿನ ದರ ಹಿಡಿಯಿರಿ.

ರಾತ್ರಿ ಎಲ್ಲರೂ ಮಲಗಿದ ಮೇಲೂ ಓಡುವ ಬಳಕೆಯನ್ನು ಮೀಟರಿನ ಮಿಣುಕು ದೀಪದಿಂದ ಅಳೆಯಬಹುದು. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಮೀಟರ್ ಮೇಲೆ ಬರೆದಿರುತ್ತದೆ, 1600 ಅಥವಾ 3200 ಹೀಗೆ. 36,00,000ವನ್ನು ಆ ಸಂಖ್ಯೆ ಮತ್ತು ಎರಡು ಮಿಣುಕಿನ ನಡುವಿನ ಸೆಕೆಂಡುಗಳ ಗುಣಲಬ್ಧದಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 3200ರ ಮೀಟರಿನಲ್ಲಿ 15 ಸೆಕೆಂಡಿಗೊಮ್ಮೆ ಮಿಣುಕಿದರೆ 75 ವ್ಯಾಟ್, ತಿಂಗಳಿಗೆ 54 ಯೂನಿಟ್. ಫ್ರಿಜ್ಜಿನ ಮೋಟಾರು ಬಿಟ್ಟುಬಿಟ್ಟು ಓಡುವುದರಿಂದ ಒಂದೇ ಸಲ ಅಳೆದು ನಂಬಬೇಡಿ. ಅದು ಓಡುವಾಗ ಮತ್ತು ನಿಂತಾಗ ಬೇರೆ ಬೇರೆ ಅಳೆಯಿರಿ.

ನಿಗದಿತ ಶುಲ್ಕ ಮಂಜೂರಾದ ಲೋಡ್ (ನೀವು ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಮೇಲೆ ನಿಂತಿದ್ದರೆ, 12 ತಿಂಗಳ ಗರಿಷ್ಠ ಬೇಡಿಕೆ, ಅಂದರೆ ನಿಜವಾಗಿ ಒಮ್ಮೆಗೆ ಎಳೆದ ಅತಿ ಹೆಚ್ಚಿನ ಪ್ರಮಾಣ ನೋಡಿ. 5 ಕಿಲೋವ್ಯಾಟ್ ಮಂಜೂರಾಗಿ ವರ್ಷವಿಡೀ 2.6 ದಾಟಿಲ್ಲವೆಂದರೆ 3ಕ್ಕೆ ಇಳಿಸಲು ಅರ್ಜಿ ಹಾಕಬಹುದು. ಮುಂದೆ ಎಸಿ, ಗೀಸರ್ ಅಥವಾ ವಾಹನದ ಚಾರ್ಜರ್ ಸೇರಿಸುವ ಯೋಚನೆಯಿದ್ದರೆ ಬೇಡ. ಮಿತಿ ಮೀರಿದರೆ ದಂಡವೋ ಟ್ರಿಪ್ಪೋ ಕಾದಿರುತ್ತದೆ. ಸರಬರಾಜುದಾರರನ್ನು ಆರಿಸಿಕೊಳ್ಳಬಹುದಾದ ಕಡೆ, ದುಬಾರಿ ಕಾಲದಲ್ಲಿ ಮಾಡಿಕೊಂಡ ಸ್ಥಿರ ದರದ ಒಪ್ಪಂದವೇ ಬಿಲ್ಲನ್ನು ಮೇಲೆ ಹಿಡಿದಿರಬಹುದು. ದರದ ವ್ಯತ್ಯಾಸವನ್ನು ತಿಂಗಳ ಯೂನಿಟ್ ಮತ್ತು ಉಳಿದ ತಿಂಗಳುಗಳಿಂದ ಗುಣಿಸಿ. ಅದು ಒಪ್ಪಂದ ಮುರಿಯುವ ಶುಲ್ಕಕ್ಕಿಂತ ಹೆಚ್ಚಿದ್ದರಷ್ಟೇ ಬದಲಿಸಿ, ಹೊಸ ಒಪ್ಪಂದದ ನಿಗದಿತ ಶುಲ್ಕವನ್ನೂ ಹೋಲಿಸಿದ ಮೇಲೆ.

ಇಷ್ಟೆಲ್ಲ ನೋಡಿದ ಮೇಲೂ ಲೆಕ್ಕ ಕೂಡದಿದ್ದರೆ ಬರಹದಲ್ಲಿ ದೂರು ಕೊಡಿ. "ಬಿಲ್ ಜಾಸ್ತಿ ಬಂದಿದೆ" ಎಂದು ಬರೆದರೆ ಸಿದ್ಧ ಉತ್ತರವೇ ಬರುತ್ತದೆ. ಯಾವ ಸಾಲು, ಎಷ್ಟು ಇರಬೇಕಿತ್ತು, ಯಾವ ಆದೇಶದ ಪ್ರಕಾರ ಎಂದು ಬರೆಯಿರಿ. ದಿನಾಂಕ ಮತ್ತು ಮೀಟರ್ ಸಂಖ್ಯೆ ಕಾಣುವ ಫೋಟೋ ಲಗತ್ತಿಸಿ. ಅನುಮಾನ ಮೀಟರಿನ ಮೇಲೆಯೇ ಇದ್ದರೆ ಪರೀಕ್ಷೆಗೆ ಪ್ರತ್ಯೇಕ ಅರ್ಜಿ ಕೊಡಿ, ಹಳೆ ಮೀಟರನ್ನು ಬಿಚ್ಚುವ ಮೊದಲು ಕೊನೆಯ ರೀಡಿಂಗ್ ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಿ. ವಿವಾದವಿಲ್ಲದ ಮೊತ್ತವನ್ನು ಗಡುವಿನೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಉಳಿದ ಮೊತ್ತಕ್ಕೆ ಸಂಪರ್ಕ ಕಡಿಯದಂತೆ ಅದೇ ಪತ್ರದಲ್ಲಿ ಕೇಳಿ.