ಐಇಎಲ್‌ಟಿಎಸ್ ಸ್ಪೀಕಿಂಗ್‌ಗೆ ನಾನು ರೂಢಿ ಮಾಡಿಕೊಂಡ ಮಾತುಗಳು

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಣಿಯಾಗಬೇಕಾದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ನಮ್ಮ ಇಂಗ್ಲಿಷ್ ಎಷ್ಟಿದೆ ಎಂದು ತೋರಿಸಬೇಕು. ಅದಕ್ಕೆ ಒಇಟಿ (ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆ) ಬರೆಯಬಹುದು, ಇಲ್ಲವೇ ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಅಂತರರಾಷ್ಟ್ರೀಯ ಪರೀಕ್ಷೆಯಾದ ಐಇಎಲ್‌ಟಿಎಸ್ ಅಕಾಡೆಮಿಕ್. ನಾನು ಬರೆದದ್ದು ಐಇಎಲ್‌ಟಿಎಸ್. ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಬರಬೇಕು. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ನರ್ಸಿಂಗ್ ಕಾಲೇಜಿನಲ್ಲಿ ಪುಸ್ತಕವೆಲ್ಲ ಇಂಗ್ಲಿಷು, ವಾರ್ಡಿನಲ್ಲಿ ಮಾತೆಲ್ಲ ಕನ್ನಡ, ಮಲಯಾಳ, ಹಿಂದಿ. ಓದಿದರೆ ಅರ್ಥವಾಗುತ್ತಿತ್ತು, ಚಾರ್ಟ್ ಬರೆಯುವುದಕ್ಕೂ ತೊಂದರೆ ಇರಲಿಲ್ಲ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಹತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತಾಡುವ ಸಂದರ್ಭ ಮಾತ್ರ ಬಂದೇ ಇರಲಿಲ್ಲ. ಸ್ಪೀಕಿಂಗ್‌ನಲ್ಲಿ ನನಗೆ 7.5 ಬಂತು. ನನ್ನ ಹಾಗೇ ಕನ್ನಡ ಶಾಲೆಯಿಂದ ಬಂದು ಈ ಪರೀಕ್ಷೆಗೆ ಕೂರುವವರಿಗೆ ದಾರಿ ಸ್ವಲ್ಪ ಸಲೀಸಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸ್ಪೀಕಿಂಗ್ ಪರೀಕ್ಷೆ ನಡೆಯುವುದು 11ರಿಂದ 14 ನಿಮಿಷ, ಮೂರು ಭಾಗಗಳಲ್ಲಿ. ಮೊದಲು ಊರು, ಮನೆ, ಕೆಲಸ, ಹವ್ಯಾಸದ ಬಗ್ಗೆ ಸಣ್ಣ ಪ್ರಶ್ನೆಗಳು. ಆಮೇಲೆ ಒಂದು ಚೀಟಿ ಕೊಡುತ್ತಾರೆ. ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ನಾವೊಬ್ಬರೇ ಮಾತಾಡಬೇಕು. ಕೊನೆಗೆ ಅದೇ ವಿಷಯ ಹಿಡಿದು ಚರ್ಚೆ. ಅಂಕ ಕೊಡುವುದು ನಾಲ್ಕು ಲೆಕ್ಕದಲ್ಲಿ: ಮಾತಿನ ಓಟ ಮತ್ತು ಹೊಂದಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮ ಪಾಲು. ನಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂಬುದಕ್ಕೆ ಅಂಕವೇ ಇಲ್ಲ. ಇದು ತಿಳಿದ ದಿನ ನನ್ನ ಅರ್ಧ ಭಯ ಇಳಿಯಿತು.

ಕೋಚಿಂಗ್ ನೋಟ್ಸುಗಳಲ್ಲಿ ‘ಯೂಸ್‌ಫುಲ್ ಫ್ರೇಸಸ್’ ಅಂತ ಪುಟಗಟ್ಟಲೆ ಪಟ್ಟಿ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲನ್ನು ನಾನು ಬಿಟ್ಟೆ. ಒಂದು ಮಾತು ನನಗೆ ಏನು ಕೆಲಸ ಮಾಡಿಕೊಡುತ್ತದೆ ಎಂದು ಕೇಳಿಕೊಳ್ಳುತ್ತಿದ್ದೆ. ಯೋಚಿಸಲು ಎರಡು ಸೆಕೆಂಡ್ ಕೊಡುತ್ತದೆಯೇ, ಮರೆತ ಪದವನ್ನು ದಾಟಿಸುತ್ತದೆಯೇ, ಆಡಿದ ತಪ್ಪನ್ನು ತಿದ್ದುತ್ತದೆಯೇ? ಅಂಥದ್ದನ್ನು ಇಟ್ಟುಕೊಂಡೆ. ಬರೀ ಅಂದಕ್ಕೆ ಇರುವುದನ್ನು ಬಿಟ್ಟೆ. ‘ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್’ ಎಂದು ಪ್ರತಿ ಪ್ರಶ್ನೆಗೂ ಹೇಳುವವರಿದ್ದಾರೆ. ‘ನೀವು ಎಷ್ಟು ಗಂಟೆಗೆ ಏಳುತ್ತೀರಿ’ ಎಂಬುದರಲ್ಲಿ ಇಂಟರೆಸ್ಟಿಂಗ್ ಏನಿದೆ? ಬಾಯಿಪಾಠ ಮಾಡಿದ ಉತ್ತರವನ್ನು ಗುರುತಿಸುವುದು ಎಕ್ಸಾಮಿನರ್‌ಗಳಿಗೆ ದಿನನಿತ್ಯದ ಕೆಲಸ.

ಮೊದಲ ಭಾಗದಲ್ಲಿ ನನಗೆ ಹೆಚ್ಚು ನೆರವಾದದ್ದು ಪದಗಳಿಗಿಂತ ಉತ್ತರದ ಕ್ರಮ. ನಾವು ಕನ್ನಡದಲ್ಲಿ ಕಾರಣವನ್ನೆಲ್ಲ ಮೊದಲು ಹೇಳಿ ತೀರ್ಮಾನವನ್ನು ಕೊನೆಗೆ ಇಡುತ್ತೇವೆ. ‘ನೈಟ್ ಡ್ಯೂಟಿ ಮುಗಿಸಿ ಬಂದು ಸುಸ್ತಾಗಿರುತ್ತೆ, ಅದಕ್ಕೇ ಅಡುಗೆ ಮಾಡೋದು ಕಡಿಮೆ.’ ಇದನ್ನೇ ಇಂಗ್ಲಿಷಿಗೆ ಇಳಿಸಹೊರಟರೆ ವಾಕ್ಯ ಉದ್ದವಾಗಿ ನಡುವೆ ಸಿಕ್ಕಿಕೊಳ್ಳುತ್ತದೆ. ಉತ್ತರ ಮೊದಲು, ಕಾರಣ ಆಮೇಲೆ ಎಂದು ಅಭ್ಯಾಸ ಮಾಡಿಕೊಂಡೆ: ‘ನಾಟ್ ವೆರಿ ಆಫನ್, ಟು ಬಿ ಆನೆಸ್ಟ್. ಐ ಯೂಶುವಲಿ ಗೆಟ್ ಹೋಮ್ ಫ್ರಮ್ ಎ ನೈಟ್ ಶಿಫ್ಟ್, ಸೋ ಐ ಎಂಡಪ್ ಈಟಿಂಗ್ ವಾಟೆವರ್ ಈಸ್ ಲೆಫ್ಟ್.’ ಎರಡು ಮೂರು ವಾಕ್ಯ ಸಾಕು. ಇಲ್ಲಿ ಬಂದ ‘ಎಂಡಪ್’ ಥರದ ಜೋಡು ಕ್ರಿಯಾಪದಗಳನ್ನು ಗಮನಿಸಿ: ‘ರನ್ ಔಟ್ ಆಫ್’, ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’. ಇಂಗ್ಲಿಷಿನ ಜಾಯಮಾನ ಗೊತ್ತಿದೆ ಎಂದು ಇವು ತೋರಿಸುವಷ್ಟು ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ತೋರಿಸುವುದಿಲ್ಲ.

ಕೇಳಿದ ವಿಷಯ ನಮ್ಮ ತಲೆಯಲ್ಲೇ ಇಲ್ಲದಿದ್ದರೆ? ಕನ್ನಡಿ, ಮ್ಯೂಸಿಯಂ, ಕೈಗಡಿಯಾರ, ಏನನ್ನಾದರೂ ಕೇಳಬಹುದು. ನಾನು ಇಟ್ಟುಕೊಂಡಿದ್ದ ಮಾತು: ‘ಐ ಹ್ಯಾವಂಟ್ ರಿಯಲಿ ಥಾಟ್ ಅಬೌಟ್ ಇಟ್, ಬಟ್ ಐ ಸಪೋಸ್...’ ಇದು ಸುಳ್ಳಲ್ಲ, ನಿಜವಾಗಿಯೂ ಯೋಚಿಸಿರುವುದಿಲ್ಲ. ಆದ್ದರಿಂದ ಮುಖದಲ್ಲೂ ದನಿಯಲ್ಲೂ ಸಹಜವಾಗಿ ಬರುತ್ತದೆ. ಪ್ರಶ್ನೆ ಕೇಳಿಸದಿದ್ದರೆ ‘ಸಾರಿ, ಕುಡ್ ಯು ಸೇ ದಟ್ ಎಗೇನ್?’ ಮೂರನೇ ಭಾಗದಲ್ಲಿ ಪ್ರಶ್ನೆಯೇ ಗೋಜಲಾಗಿ ಕಂಡರೆ ‘ಡು ಯು ಮೀನ್ ಇನ್ ಮೈ ಕಂಟ್ರಿ, ಆರ್ ಇನ್ ಜನರಲ್?’ ಹೀಗೆ ಕೇಳಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಅರ್ಥವಾಗದೆ ಬೇರೆಯದನ್ನೇ ಹೇಳಿದರೆ ಮಾತಿನ ಹೊಂದಿಕೆಯೇ ತಪ್ಪುತ್ತದೆ.

ಪದ ಮರೆತಾಗ ಏನು ಮಾಡಬೇಕು ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಮೂಲ ಮಾತು ಒಂದೇ: ‘ಐ ಕಾಂಟ್ ಥಿಂಕ್ ಆಫ್ ದಿ ವರ್ಡ್, ಬಟ್ ಇಟ್ಸ್ ದಿ ಥಿಂಗ್ ಯು ಯೂಸ್ ಟು...’ ನಾನೂ ರೂಮ್‌ಮೇಟೂ ಅಡುಗೆಮನೆಯಲ್ಲಿ ಇದನ್ನು ಆಟ ಮಾಡಿಕೊಂಡೆವು. ಒಬ್ಬಳು ಒಂದು ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಸರು ಹೇಳದೆ ಇಂಗ್ಲಿಷಿನಲ್ಲಿ ವಿವರಿಸಬೇಕು, ಇನ್ನೊಬ್ಬಳು ಕನ್ನಡದಲ್ಲಿ ಹೆಸರು ಹೇಳಬೇಕು. ಮೊರ, ಜರಡಿ, ಮುದ್ದೆ ಕೋಲು, ಒರಳು. ಇಂಗ್ಲಿಷ್ ಹೆಸರು ಗೊತ್ತಿಲ್ಲದ ವಸ್ತುಗಳೇ ಇದಕ್ಕೆ ಒಳ್ಳೆಯವು. ಈಳಿಗೆಮಣೆಗೆ ಅವಳು ಹೇಳಿದ್ದು ಹೀಗೆ: ‘ಇಟ್ಸ್ ಎ ಕರ್ವ್ಡ್ ಬ್ಲೇಡ್ ಫಿಕ್ಸ್ಡ್ ಟು ಎ ವುಡನ್ ಬೋರ್ಡ್. ಯು ಸಿಟ್ ಆನ್ ದಿ ಫ್ಲೋರ್, ಹೋಲ್ಡ್ ದಿ ಬೋರ್ಡ್ ಡೌನ್ ವಿತ್ ಯುವರ್ ಫುಟ್, ಅಂಡ್ ಪುಶ್ ದಿ ವೆಜಿಟೇಬಲ್ ಅಗೇನ್‌ಸ್ಟ್ ದಿ ಬ್ಲೇಡ್.’ ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಆದರೂ ಯಾವ ದೇಶದವರಿಗಾದರೂ ವಸ್ತು ಕಣ್ಣಿಗೆ ಕಟ್ಟುತ್ತದೆ. ಗೊತ್ತಿಲ್ಲದ ಪದವನ್ನು ಬೇರೆ ಮಾತಿನಲ್ಲಿ ಸುತ್ತಿ ಹೇಳುವ ಈ ಚಾತುರ್ಯಕ್ಕೆ ಪದಸಂಪತ್ತಿನ ಲೆಕ್ಕದಲ್ಲಿ ಬೆಲೆಯಿದೆ. ಈ ಆಟ ಕೈಗೂಡಿದ ಮೇಲೆ, ಪದ ಸಿಗದಿದ್ದರೆ ಏನು ಗತಿ ಎಂಬ ಚಿಂತೆ ನನಗೆ ಬರಲೇ ಇಲ್ಲ.

ತಪ್ಪು ತಿದ್ದಿಕೊಳ್ಳುವುದಕ್ಕೆ ದೊಡ್ಡ ಮಾತು ಬೇಡ. ‘ಸಾರಿ, ಐ ಮೀನ್’ ಅಥವಾ ‘ಆರ್ ರಾದರ್’ ಎಂದು ಸರಿಯಾದದ್ದನ್ನು ಹೇಳಿ ಮುಂದೆ ಹೋಗುವುದು. 7ರ ಬ್ಯಾಂಡಿನಲ್ಲೂ, ಅಂದರೆ 7 ಅಂಕದ ಹಂತದಲ್ಲೂ, ಒಂದಿಷ್ಟು ತಡವರಿಕೆ, ತಿದ್ದುಪಡಿಗೆ ಅವಕಾಶವಿದೆ. ಹಾಗಂತ ಪ್ರತಿ ವಾಕ್ಯವನ್ನೂ ತಿದ್ದುತ್ತ ಕೂತರೆ ಓಟ ಕೆಡುತ್ತದೆ. ಕಾಲ ತಪ್ಪಿದರೆ, ಹೀ-ಶೀ ಅದಲು ಬದಲಾದರೆ ತಿದ್ದುತ್ತಿದ್ದೆ. ಉಳಿದದ್ದನ್ನು ಹೋಗಲಿ ಎಂದು ಬಿಡುತ್ತಿದ್ದೆ.

ಇನ್ನು ಬಿಡಬೇಕಾದ ಮಾತುಗಳು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳುವವರೆಗೆ ನಮ್ಮ ಮಾತಿನಲ್ಲಿ ಏನೇನು ಸೇರಿಕೊಂಡಿದೆ ಎಂದು ನಮಗೇ ತಿಳಿಯುವುದಿಲ್ಲ. ಕನ್ನಡದಲ್ಲಿ ಮಾತು ಮಾತಿಗೆ ‘ಅಂದ್ರೆ’ ಎನ್ನುವವರು ಇಂಗ್ಲಿಷಿನಲ್ಲಿ ‘ಮೀನ್ಸ್’ ಎನ್ನುತ್ತಾರೆ. ‘ಏ, ಮತ್ತೆ ಮೀನ್ಸ್ ಅಂದೆ ಕಣೇ’ ಎಂದು ರೂಮ್‌ಮೇಟ್ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದಳು. ಆ ಜಾಗಕ್ಕೆ ‘ವಾಟ್ ಐ ಮೀನ್ ಈಸ್’ ಅಥವಾ ‘ಇನ್ ಅದರ್ ವರ್ಡ್ಸ್’ ತಂದೆ. ಏನೂ ಹೊಳೆಯದಿದ್ದರೆ ‘ವೆಲ್’ ಎಂದು ಅರೆಕ್ಷಣ ಸುಮ್ಮನಿದ್ದರೂ ಆಗುತ್ತದೆ.

ಎರಡನೇ ಭಾಗದ ಒಂದು ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಲು ಹೋಗಬೇಡಿ, ಬರೆದು ಮುಗಿಯುವುದಿಲ್ಲ. ‘ನಿಮಗೆ ಉಪಯುಕ್ತ ಕೌಶಲ ಕಲಿಸಿದ ವ್ಯಕ್ತಿ’ ಎಂಬ ಚೀಟಿ ಇಟ್ಟುಕೊಂಡು ನಾನು ಬಹಳ ಅಭ್ಯಾಸ ಮಾಡಿದ್ದೆ. ವಯಸ್ಸಾದವರ ಕೈಯಲ್ಲಿ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವುದನ್ನು ಕಲಿಸಿದ ಸೀನಿಯರ್ ಸಿಸ್ಟರ್ ಬಗ್ಗೆ ಮಾತು; ಅವರನ್ನು ನಾನು ಚೇಚಿ (ಮಲಯಾಳದಲ್ಲಿ ಅಕ್ಕ) ಎನ್ನುತ್ತಿದ್ದೆ. ಹಾಳೆಯ ಮೇಲೆ ಇಷ್ಟೇ: ಚೇಚಿ, ಮೊದಲ ಪೋಸ್ಟಿಂಗ್, ಬಿಸಿ ಟವಲ್, ಬೆರಳು, ಈಗ ಜೂನಿಯರ್ಸ್. ಇವುಗಳ ಬಾಗಿಲು ತೆರೆಯಲು ನಾಲ್ಕು ಮಾತು ಇದ್ದವು. ‘ದಿ ಪರ್ಸನ್ ಐಡ್ ಲೈಕ್ ಟು ಟಾಕ್ ಅಬೌಟ್ ಈಸ್’ ಎಂದು ಶುರು. ‘ದಿಸ್ ವಾಸ್ ಬ್ಯಾಕ್ ವೆನ್ ಐ ವಾಸ್’ ಎಂದು ಕಾಲಕ್ಕೆ. ‘ವಾಟ್ ಐ ರಿಮೆಂಬರ್ ಮೋಸ್ಟ್ ಈಸ್’ ಎಂದು ಮುಖ್ಯ ಘಟನೆಗೆ. ರಕ್ತನಾಳ ಕಾಣದಿದ್ದರೆ ಚೇಚಿ ಬಿಸಿ ಟವಲ್ ಸುತ್ತಿ, ಸ್ವಲ್ಪ ಕಾದು, ಕಣ್ಣಿನಿಂದ ಹುಡುಕಬೇಡ, ಬೆರಳಿನಿಂದ ಹುಡುಕು ಎನ್ನುತ್ತಿದ್ದರು. ‘ಡೋಂಟ್ ಲುಕ್ ಫಾರ್ ಇಟ್, ಫೀಲ್ ಫಾರ್ ಇಟ್.’ ಹೀಗೆ ಕೈಯಾರೆ ಮಾಡಿದ ಕೆಲಸವನ್ನು ಹೇಳುವಾಗ ಮಾತು ತಾನಾಗಿ ಬರುತ್ತದೆ. ಕೊನೆಗೆ ‘ಈವನ್ ನೌ, ವೆನೆವರ್ ಐ’ ಎಂದು ಇವತ್ತಿಗೆ ತಂದು ನಿಲ್ಲಿಸುತ್ತಿದ್ದೆ. ಇದೇ ನಾಲ್ಕು ಮಾತು ಜಾಗದ ಬಗ್ಗೆ, ವಸ್ತುವಿನ ಬಗ್ಗೆ, ಪ್ರಯಾಣದ ಬಗ್ಗೆ ಚೀಟಿ ಬಂದರೂ ಒದಗುತ್ತವೆ. ಎರಡು ನಿಮಿಷ ಆದ ಕೂಡಲೇ ಎಕ್ಸಾಮಿನರ್ ತಡೆದು ನಿಲ್ಲಿಸುತ್ತಾರೆ. ಅದು ನಿಯಮ, ಗಾಬರಿ ಬೇಡ.

ಮೂರನೇ ಭಾಗದಲ್ಲಿ 6ಕ್ಕೂ 7ಕ್ಕೂ ನಡುವಿನ ಅಂತರ ಎದ್ದು ಕಾಣುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿ ‘ಐ ಅಗ್ರೀ’, ‘ಐ ಡಿಸಗ್ರೀ’ ಸಾಲದು. ಲೋಕದಲ್ಲಿ ಯಾವ ಸಂಗತಿಯೂ ಪೂರ್ತಿ ಹೌದು, ಪೂರ್ತಿ ಅಲ್ಲ ಎಂದಿರುವುದಿಲ್ಲವಲ್ಲ, ಅದನ್ನು ಹೇಳಲು ಬರಬೇಕು. ಕೌಶಲವನ್ನು ಹಿರಿಯರಿಂದ ಕಲಿಯುವುದು ಒಳ್ಳೆಯದೋ ಇಂಟರ್ನೆಟ್‌ನಿಂದಲೋ ಎಂಬ ಪ್ರಶ್ನೆಗೆ ನಾನು ಕಟ್ಟಿಕೊಂಡಿದ್ದ ಉತ್ತರ: ‘ಐಡ್ ಸೇ ಇಟ್ ಡಿಪೆಂಡ್ಸ್ ಆನ್ ದಿ ಸ್ಕಿಲ್. ಇಫ್ ಇಟ್ಸ್ ಸಮ್‌ಥಿಂಗ್ ಲೈಕ್ ಕುಕಿಂಗ್, ಎ ವಿಡಿಯೊ ಈಸ್ ಪ್ರಾಬಬ್ಲಿ ಇನಫ್. ಬಟ್ ವೆನ್ ಇಟ್ ಕಮ್ಸ್ ಟು ನರ್ಸಿಂಗ್, ಸಮ್‌ವನ್ ಹ್ಯಾಸ್ ಟು ಸ್ಟ್ಯಾಂಡ್ ನೆಕ್ಸ್ಟ್ ಟು ಯು, ಅದರ್‌ವೈಸ್ ಯು ಮೈಟ್ ಹರ್ಟ್ ಎ ಪೇಶೆಂಟ್.’ ‘ಡಿಪೆಂಡ್ಸ್ ಆನ್’ ಅಂದಮೇಲೆ ಯಾವುದರ ಮೇಲೆ ಎಂದು ಬಿಡಿಸಿ ಹೇಳಲೇಬೇಕು, ಇಲ್ಲದಿದ್ದರೆ ಅದು ಜಾರಿಕೊಳ್ಳುವ ಮಾತಾಗುತ್ತದೆ. ‘ಟೆಂಡ್ ಟು’, ‘ಮೋರ್ ಲೈಕ್ಲಿ ಟು’, ‘ಅನ್‌ಲೆಸ್’, ‘ಕಂಪೇರ್ಡ್ ಟು ಮೈ ಮದರ್ಸ್ ಜನರೇಶನ್’, ಇವು ನಾಲ್ಕನ್ನು ನಾನು ಮನೆದೇವರಂತೆ ನಂಬಿದ್ದೆ. ದೊಡ್ಡ ಪ್ರಶ್ನೆ ಬಂದರೆ ‘ಐ ಕಾಂಟ್ ಸ್ಪೀಕ್ ಫಾರ್ ಎವ್ರಿವನ್, ಬಟ್ ಇನ್ ದಿ ವಾರ್ಡ್ ವೇರ್ ಐ ವರ್ಕ್’ ಎಂದು ನನ್ನ ನೆಲಕ್ಕೆ ಎಳೆದುಕೊಳ್ಳುತ್ತಿದ್ದೆ. ಅಲ್ಲಿ ಉದಾಹರಣೆಗೆ ಬರವಿಲ್ಲ.

ಇವನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ, ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದೆ. ‘ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್’ ಎಂದಲ್ಲ, ‘ಲೆಮ್ಮಿ ಥಿಂಕ್ ಫರ ಮೊಮೆಂಟ್’. ‘ವಾಟ್ ಐ ಮೀನ್ ಈಸ್’ ಎಂದಲ್ಲ, ‘ವಾಟೈ ಮೀನಿಜ಼್’. ನಮ್ಮ ಲಿಪಿ ಕೂಡಿಸಿ ಬರೆಯಲು ಹೇಳಿ ಮಾಡಿಸಿದ್ದು. ಪದಗಳು ಎಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ಕಣ್ಣಿಗೇ ಕಾಣುತ್ತದೆ. ಒತ್ತಿ ಹೇಳಬೇಕಾದ ಕಡೆ ಅಡಿಗೆರೆ. ನಮ್ಮ ಕಡೆಯವರು ಉಚ್ಚಾರಣೆಯಲ್ಲಿ ನೋಡಿಕೊಳ್ಳಬೇಕಾದದ್ದು ಮುಖ್ಯವಾಗಿ ಎರಡು. ‘ಬಸ್ಸು’, ‘ಬುಕ್ಕು’ ಎಂದು ಕೊನೆಗೆ ಉಕಾರ ಸೇರಿಸುವುದು ಒಂದು. ‘ಎವ್ರಿ’ಯನ್ನು ‘ಯೆವ್ರಿ’, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುವುದು ಇನ್ನೊಂದು. ಕನ್ನಡದ ಛಾಯೆ ಇದ್ದರೆ ಏನೂ ತೊಂದರೆಯಿಲ್ಲ, ಬ್ರಿಟಿಷರ ಹಾಗೆ ಮಾತಾಡಿ ಎಂದು ಯಾರೂ ಕೇಳುವುದಿಲ್ಲ. ಕೇಳುವವರಿಗೆ ಸಲೀಸಾಗಿ ತಿಳಿದರೆ ಆಯಿತು.

ಒಂದು ಮಾತು ನಾಲಿಗೆಗೆ ಒಗ್ಗುವವರೆಗೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಒಗ್ಗಿಸಿದ್ದು ಡ್ಯೂಟಿಯಲ್ಲೇ. ಹ್ಯಾಂಡೋವರ್ (ಶಿಫ್ಟ್ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವುದು) ಕೊಡುವಾಗ ಚೇಚಿಯ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ ಎಂದು ಒಪ್ಪಂದ ಮಾಡಿಕೊಂಡಿದ್ದೆ. ‘ಬೆಡ್ ಫೋರ್ ಟೆಂಡ್ಸ್ ಟು ರೆಫ್ಯೂಸ್ ಹಿಸ್ ಮೆಡಿಸಿನ್ ಅನ್‌ಲೆಸ್ ಹಿಸ್ ಡಾಟರ್ ಈಸ್ ಅರೌಂಡ್.’ ಇದನ್ನು ನಿಜವಾದ ರೋಗಿಯ ಬಗ್ಗೆ, ನಿಜವಾಗಿ ಕೇಳುವವರ ಮುಂದೆ ಹೇಳಿದ ಮೇಲೆ ‘ಅನ್‌ಲೆಸ್’ ನನ್ನದಾಯಿತು.

ಪರೀಕ್ಷೆಯ ದಿನ ಪಾಸ್‌ಪೋರ್ಟ್ ಕೈಯಲ್ಲಿರಲಿ. ಹೆಸರು ಕೇಳಿ, ಗುರುತು ನೋಡಿದ ಮೇಲೆಯೇ ಪ್ರಶ್ನೆ ಶುರು. ಕಾಯುವ ಜಾಗದಲ್ಲಿ ಪಟ್ಟಿ ತಿರುವಿಹಾಕುವ ಬದಲು ಪಕ್ಕದಲ್ಲಿ ಕೂತವರ ಜೊತೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ. ಒಳಗೆ ಹೋಗುವಷ್ಟರಲ್ಲಿ ಬಾಯಿ ಹದಕ್ಕೆ ಬಂದಿರುತ್ತದೆ. ಎಲ್ಲ ಮುಗಿದ ಮೇಲೆ ‘ಹೇಗೆ ಮಾಡಿದೆ’ ಎಂದು ಎಕ್ಸಾಮಿನರ್‌ರನ್ನು ಕೇಳಬೇಡಿ, ಅವರು ಹೇಳುವಂತಿಲ್ಲ. ‘ಥ್ಯಾಂಕ್ ಯು, ಹ್ಯಾವ್ ಎ ಗುಡ್ ಡೇ’ ಎಂದು ಎದ್ದು ಬನ್ನಿ.